ಎದುರಿನ ತಟ್ಟೆ

ಭೂಮಿ ಎಲ್ಲರನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ ಎಂಬ ಸುದ್ದಿ ಆಕೆಯ ಕಿವಿಗೆ ಮೊದಲು ಬಿದ್ದದ್ದು ಮಗಳು ಗಟ್ಟಿಯಾಗಿ ಪಾಠ ಓದುತ್ತಿದ್ದ ಒಂದು ಬೆಳಿಗ್ಗೆ, ಒಲೆಯ ಮುಂದೆ. ಯಾಕೆ ಎಳೆಯುತ್ತದಂತೆ ಎಂದು ಮಗಳನ್ನು ಕೇಳಿದಳು. ಅದನ್ನು ಪುಸ್ತಕದಲ್ಲಿ ಬರೆದಿರಲಿಲ್ಲ. ಎತ್ತರಕ್ಕೆ ಹೋದಷ್ಟೂ ಎಳೆತ ಕಡಿಮೆ, ತೂಕವೂ ಕಡಿಮೆ ಎಂದಷ್ಟೇ ಇತ್ತು.

ತಿಂಡಿ ತಿನ್ನುತ್ತಿದ್ದ ಗಂಡ ಅರ್ಧಕ್ಕೇ ಕೈ ತೊಳೆದುಬಿಟ್ಟ. ಆತನದು ತಕ್ಕಡಿ ರಿಪೇರಿ ಅಂಗಡಿ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ತನ್ನ ತಕ್ಕಡಿ ಹಿಡಿದುಕೊಡುತ್ತದೆ, ಇವತ್ತೇ ತಾರಸಿಯ ಮೇಲೆ ಹೆಂಡತಿಯನ್ನು ತೂಗಿ ಬ್ರಹ್ಮಾಂಡದ ಗುಟ್ಟು ಬಯಲು ಮಾಡುತ್ತೇನೆ, ಆಗದಿದ್ದರೆ ಈ ಕಸುಬೇ ಬೇಡ ಎಂದು ಪ್ರತಿಜ್ಞೆ ಮಾಡಿದ.

ಅಂಗಳದಲ್ಲಿ ಒಮ್ಮೆ ತೂಗಿದ್ದಾಯಿತು. ಆಮೇಲೆ ಮೂಟೆ ತೂಗುವ ದೊಡ್ಡ ತಕ್ಕಡಿ, ಅದರ ಮುಕ್ಕಾಲಿ, ಸರಪಳಿ, ಕಬ್ಬಿಣದ ತೂಕದ ಕಲ್ಲುಗಳು, ಎಲ್ಲದರ ಹಿಂದೆ ಹೆಂಡತಿ, ಹೀಗೆ ಮೆರವಣಿಗೆ ಮೆಟ್ಟಿಲು ಹತ್ತಿತು. ನಡುವೆ ಒಂದು ಕಲ್ಲು ಕೈಜಾರಿ, ಮೆಟ್ಟಿಲಿಂದ ಮೆಟ್ಟಿಲಿಗೆ ಗಂಭೀರವಾಗಿ ಇಳಿದು, ಕೆಳಗಿದ್ದ ನೀರಿನ ಮಡಕೆಯನ್ನು ಹೋಳು ಮಾಡಿತು. ಭೂಮಿ ಎಳೆಯುತ್ತದೆ ಎನ್ನುವುದಕ್ಕೆ ಆಕೆಗೆ ಅಷ್ಟು ಸಾಕ್ಷಿ ಸಾಕಾಗಿತ್ತು. ಗಂಡನಿಗೆ ಸಾಲಲಿಲ್ಲ.

ಒಣಹಾಕಿದ ಬಟ್ಟೆಗಳ ನಡುವೆ ಆಕೆ ತಟ್ಟೆಯಲ್ಲಿ ಕಾಲು ಮಡಚಿ ಕೂತಳು. ಎದುರಿನ ತಟ್ಟೆಗೆ ಕಲ್ಲುಗಳು ಏರಿದವು. ಮುಳ್ಳು ನೆಟ್ಟಗೆ ನಿಂತಿತು. ಅಂಗಳದಲ್ಲಿ ಎಷ್ಟೋ ಇಲ್ಲೂ ಅಷ್ಟೇ.

ಗಂಡನ ಮುಖ ಬಾಡಿತು. ತಕ್ಕಡಿಯದೇ ದೋಷವೆಂದು ಬಿಚ್ಚಿದ, ಅರದಿಂದ ಉಜ್ಜಿದ, ಮತ್ತೆ ಕಟ್ಟಿದ, ಮತ್ತೆ ತೂಗಿದ. ಸಂಜೆಯಾಯಿತು. ನಾಳೆಯಿಂದ ಅಂಗಡಿ ತೆರೆಯುವುದಿಲ್ಲ ಎಂದು ಗೋಡೆಗೊರಗಿದ.

"ಅಲ್ಲಾ ರೀ," ಎಂದಳು ಆಕೆ ತಟ್ಟೆಯಲ್ಲಿ ಕೂತೇ, "ಆ ಕಲ್ಲುಗಳೂ ನನ್ನ ಜೊತೆಗೇ ಮೆಟ್ಟಿಲು ಹತ್ತಿ ಬಂದ್ವಲ್ಲ. ನಾನು ಹಗುರ ಆದ್ರೆ ಅವೂ ಹಗುರ ಆಗಲ್ವಾ?"

ಆತ ಒಮ್ಮೆ ಕಲ್ಲುಗಳನ್ನು, ಒಮ್ಮೆ ಹೆಂಡತಿಯನ್ನು ನೋಡಿದ.

"ಬೆಳಿಗ್ಗೆನೇ ಹೇಳೋಕೇನಾಗಿತ್ತೇ?"

"ನನ್ನ ತೂಗಿದ್ರಿ. ಕೇಳಿದ್ರಾ?"

ಮರುದಿನ ಅಂಗಡಿ ತೆರೆಯಿತು.

ಎಷ್ಟೋ ವರ್ಷಗಳ ಮೇಲೆ ಹಾಸಿಗೆ ಹಿಡಿದ ಆತ ದಿನದಿಂದ ದಿನಕ್ಕೆ ಹಗುರವಾಗತೊಡಗಿದ. ಡಾಕ್ಟರು ಬಂದಾಗಲೆಲ್ಲ ತೂಕ ನೋಡಿ ಚೀಟಿಯಲ್ಲಿ ಬರೆದುಕೊಂಡು ಹೋಗುತ್ತಿದ್ದರು. ಜೀವನವಿಡೀ ತೂಕ ಸರಿಮಾಡಿದವನಿಗೆ ತನ್ನ ತೂಕ ಕೇಳಲು ಭಯ. ಅವನ ಜೊತೆ ಆಕೆಯೂ ಊಟ ಸೇರದೆ ಅರ್ಧಕ್ಕೆ ಇಳಿದಿದ್ದಳು.

ಒಂದು ಮಧ್ಯಾಹ್ನ ಹಾಲು ಕುಡಿಸುತ್ತಿದ್ದ ಆಕೆಯ ಮುಂಗೈಯನ್ನು ಆತ ಹಿಡಿದು ನೋಡಿದ. ಬಳೆ ಮೊಣಕೈವರೆಗೂ ಜಾರಿತು. ಆಮೇಲೆ ಮೂಲೆಯಲ್ಲಿದ್ದ ಹಳೇ ತಕ್ಕಡಿಯ ಕಡೆ ಕಣ್ಣು ತಿರುಗಿಸಿದ.

"ಅದರಲ್ಲಿ ತೂಗೇ ನನ್ನ," ಎಂದ. "ಕಲ್ಲು ಬೇಡ. ಎದುರಿನ ತಟ್ಟೇಲಿ ನೀನೇ ಕೂತ್ಕೋ."