ಗಾಳಿ ತೆರಿಗೆಗೆ ಸಿಕ್ಕ ಮದುವೆ

ನಾನು ಯಾವ ಕೆಲಸಕ್ಕೆ ಹೋದರೂ ನನಗಿಂತ ಮೊದಲೇ ಒಂದು ಫಜೀತಿ ಅಲ್ಲಿಗೆ ಹೋಗಿ ಚಾ ಕುಡಿಯುತ್ತ ಕೂತಿರುತ್ತದೆ. ಏಳನೇ ಇಯತ್ತೆಗೇ ಶಾಲೆ ಬಿಟ್ಟು ಊರೂರು ತಿರುಗಿದವ, ಕಡೆಗೆ ಕಾಲೂರಿದ್ದು ನೆಲವೇ ಇಲ್ಲದ ಕಡೆ: ಮುಂಬೈ ಸಮುದ್ರದಲ್ಲಿ ಎಣ್ಣೆ ಬಾವಿ ಕೊರೆಯುವ ರಿಗ್ಗಿನ ಅಡುಗೆಮನೆಯಲ್ಲಿ. ಇಪ್ಪತ್ತೆಂಟು ದಿನ ಸಮುದ್ರ, ಇಪ್ಪತ್ತೆಂಟು ದಿನ ಮನೆ. ಅದನ್ನು ನಂಬಿ ಕುಮಟಾದಲ್ಲಿ ಹುಡುಗಿಯನ್ನೂ ನೋಡಿದೆವು. ಹುಡುಗಿ ಒಪ್ಪಿದಳು. ಅವಳ ಅಪ್ಪ ಮಾತ್ರ, "ನೌಕರಿ ಪಕ್ಕಾ ಇದ್ರೆ ಮದುವೆ" ಅಂದರು.

೧. ಬಿದ್ದ ಹಣ್ಣು

ಒಂದು ದಿನ ಊಟಕ್ಕೆ ಬಂದ ಇಂಜಿನಿಯರ್, "ವಿಂಡ್‌ಫಾಲ್ ತೆರಿಗೆ ಬಂತು. ಮುಂದಿನ ಬಾವಿ ಸದ್ಯಕ್ಕಿಲ್ಲ" ಅಂದರು.

ವಿಂಡ್ ಅಂದರೆ ಗಾಳಿ ಅಂತ ಗೊತ್ತು. "ಎರಡು ದಿನದಲ್ಲಿ ಇಳೀತದೆ ಸಾರ್" ಎಂದು ಸಮಾಧಾನ ಮಾಡಿದೆ.

ಅವರು ನಕ್ಕು, ಎಣ್ಣೆ ಬೆಲೆ ಒಮ್ಮೆಲೇ ಏರಿ ಕಂಪನಿಗೆ ಬಂದ ಲಾಭದ ಮೇಲೆ ಸರ್ಕಾರ ಹಾಕಿದ ತೆರಿಗೆ ಅದು ಎಂದರು. "ಗಾಳಿಗೆ ಬಿದ್ದ ಮಾವಿನಹಣ್ಣು ಅಂತ ತಿಳ್ಕೋ."

"ನಮ್ಮೂರಲ್ಲಿ ಬಿದ್ದ ಹಣ್ಣು ಹೆಕ್ಕಿದವನದ್ದು ಸಾರ್."

"ಸರ್ಕಾರದ್ದೂ ನಿಮ್ಮೂರೇ ಇರಬೇಕು!"

ಬಾವಿಯಿಲ್ಲದ ಮೇಲೆ ಅಡುಗೆಯವ ಯಾಕೆ? ಹೊನ್ನಾವರದ ಹತ್ತಿರದ ನಮ್ಮೂರು ಕಾಸರಕೋಡಿಗೆ ವಾಪಸ್ ಬಂದೆ.

೨. ಬಂಗಡೆ

ಪಕ್ಕದ ಮನೆಯ ಬೋಟಿನ ಯಜಮಾನರಿಗೆ ಇದನ್ನು ಹೇಳಿದೆ.

"ನಂದೂ ಅದೇ ಕಥೆ ಮಾರಾಯಾ. ಬಂಗಡೆ ರಾಶಿ ಬಿದ್ದ ದಿನ ಸಾರಿಗೆ ನಾಕು ಕೊಡಿ ಅಂತ ಊರೇ ಬರ್ತದೆ. ಬಲೆ ಹರ್ಕಂಡು ಬಂದ ದಿನ ಒಂದು ನರಪಿಳ್ಳೆ ಇಲ್ಲ. ಅದ್ಕೇ ನಾ ಹೊಸ ಬಲೆ ತಕ್ಕಣ್ಲಿಲ್ಲ."

"ಅನ್ಯಾಯ!" ಎಂದೆ.

"ಅನ್ಯಾಯ ಅಂಬವ ಬೆನ್ನ ಹಿಂದೆ ಚೀಲ ಎಂತಕ್ಕೆ ಹಿಡ್ಕಂಡೆ?"

೩. ಗ್ಯಾರಂಟಿ

ಕಡೆಗೂ ತೆರಿಗೆ ತೆಗೆದರು ಅಂತ ಟೀವಿಯಲ್ಲಿ ಬಂತು. ರಿಗ್ಗಿಗೆ ಜನ ಕಳಿಸುವ ಭಟ್ಕಳದ ಏಜೆಂಟರಿಗೆ ಫೋನ್ ಹಚ್ಚಿದೆ.

"ತೆರಿಗೆ ಹೋಯ್ತು ಭಾಯ್, ಬೆಲೆಯೂ ಇಳೀತು. ಬೆಲೆ ಏರಿದ್ರೆ ತೆರಿಗೆ ಮತ್ತೆ ಬರೂದಿಲ್ಲ ಅಂತ ಎಂತ ಗ್ಯಾರಂಟಿ? ಕಂಪನಿಯವರು ಬಾವಿಗೆ ದುಡ್ಡು ಹಾಕೂಕೆ ಹೆದರ್ತಾರೆ."

ಕುಮಟಾಕ್ಕೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ.

ಹುಡುಗಿಯ ಅಪ್ಪ, "ಅದಿರ್ಲಿ ತಮಾ, ಹತ್ತು ಕಡೆ ಕೆಲಸ ಬಿಟ್ಟು ಓಡಿದವ ನೀನು. ಮತ್ತೆ ಓಡೂದಿಲ್ಲ ಅಂತ ಎಂತ ಗ್ಯಾರಂಟಿ?" ಅಂದರು.

ಕಂಪನಿಯ ಹೆದರಿಕೆ ಆಗ ನನಗೆ ಪೂರಾ ತಿಳಿಯಿತು. ಎದೆ ಗಟ್ಟಿ ಮಾಡಿ, "ಇನ್ನು ರಿಗ್ಗೂ ಬೇಡ, ಎಂತದೂ ಬೇಡ. ಹೊನ್ನಾವರದಲ್ಲಿ ಚಾದಂಗಡಿ ಹಾಕ್ತೆ. ವರ್ಷವಿಡೀ ಮನೆಯಲ್ಲೇ ಇರ್ತೆ" ಅಂದುಬಿಟ್ಟೆ.

ಅವರ ಮುಖ ಅರಳಿತು. "ಹಾಂಗಾದ್ರೆ ಆತು!"

ಒಳಗಿಂದ ಹುಡುಗಿ ದಡಬಡ ಬಂದಳು.

"ಅಪ್ಪಾ, ಎಂತ ಆತು? ಇಪ್ಪತ್ತೆಂಟು ದಿನ ಸಮುದ್ರದಲ್ಲೇ ಇರ್ತಾರೆ ಅಂತ್ಲೇ ನಾ ಒಪ್ಪಿದ್ದು!"