ಆಂಟೆನಾಕ್ಕೆ ಬಿದ್ದ ಕೌದಿ ಹೊಲಿಗೆ

ಗಂಡ ತೀರಿದಂದಿನಿಂದ ಕೌದಿ ಹೊಲಿದೇ ಬಾಳಿದ ತಳಕಲ್ಲಿನ ಶಂಕ್ರಮ್ಮನ ಮನೆಗೆ ಒಂದು ದಿನ ಮಲ್ಲೇಶ್ವರಿ ಬಂದಳು. ಕೊಪ್ಪಳದ ಕಾಲೇಜಿನಲ್ಲಿ ಸಂಶೋಧನೆ ಮಾಡುವ ಹುಡುಗಿ; ಕೈಯಲ್ಲಿ ಬೆಳ್ಳಿ ಲೇಪದ ದಾರದುಂಡೆ.

"ಆಯೀ, ಅಂಗಿಗೆ ಆಂಟೆನಾ ಹೊಲೀಬೇಕಾಗೇತ್ರಿ. ಗಿಣಿಗೇರಾದ ಫ್ಯಾಕ್ಟರಿಯಾಗ ಕುಲುಮಿ ಮುಂದ ನಿಂತಾವನ ಮೈ ಎಷ್ಟು ಕಾದೈತಿ ಅಂತ ಹೊರಗಿನವರ ಫೋನಿಗೆ ಸುದ್ದಿ ಮುಟ್ಟಸ್ತೈತಿ."

"ತಂತಿ ಎಲ್ಲೈತಿ?"

"ಈ ದಾರಾನ ತಂತಿರಿ."

ಶಂಕ್ರಮ್ಮ ದಾರವನ್ನು ಹಲ್ಲಲ್ಲಿ ಕಚ್ಚಿ ನೋಡಿದಳು. "ಹೊಲೀತೀನಿ. ನನ್ನಂಗ ಹೊಲಿಯಾಕಿ ಈ ಸೀಮ್ಯಾಗ ಇಲ್ಲ! ಆದ್ರ ನೀ ಬರಿಯೋ ಸಂಶೋಧನಿ ಪುಸ್ತಕದಾಗ ನನ್ನ ಹೆಸರು ಹಾಕಬೇಕು. ಸಾವಿರ ಮಂದಿ ನನ್ನ ಕೌದಿ ಹೊಚ್ಕೊಂಡು ಮಲಗ್ಯಾರ. ಒಬ್ಬರೂ ಎದ್ದು ಹೆಸರು ಬರದಿಲ್ಲ!"

"ಹಾಕ್ತೀನ್ರಿ!"

ಅಡಿಯಲ್ಲಿ ಲೋಹದ ಬಟ್ಟೆ, ನಡುವೆ ದಪ್ಪ ಅರಿವೆ, ಮೇಲೆ ಬೆಳ್ಳಿ ದಾರದಲ್ಲಿ ಹೊಲಿಯಬೇಕಾದ ಚೌಕ. "ಮ್ಯಾಲಿನ ಪದರಕ್ಕಷ್ಟ ಹಾಕ್ರಿ, ಕೆಳಗ ತಾಗಬಾರದು" ಎಂದು ಹೇಳಿ ಮಲ್ಲೇಶ್ವರಿ ಹೋದಳು.

ಶಂಕ್ರಮ್ಮನಿಗೆ ನಗು ಬಂತು. ಮೇಲಿನ ಪದರಕ್ಕಷ್ಟೇ! ಅದು ಪಕ್ಕದ ಮನೆಯ ಮಾಳವ್ವನ ಹೊಲಿಗೆ. ಮಾಳವ್ವನ ಕೌದಿ ಮೇಲೆ ನೋಡಿದರೆ ಮದುಮಗಳು, ಕೆಳಗೆ ಸೂಜಿಯ ಗುರುತೇ ಇಲ್ಲ. ಎರಡು ಒಗೆತಕ್ಕೆ ಪದರಗಳು ಬೇರೆ ಬೇರೆ ಸಂಸಾರ ಹೂಡುತ್ತವೆ! 'ಓದಿದ ಹುಡುಗಿ, ಪಾಪ, ಹೊಲಿಗೆ ತಿಳಿಯದು' ಎಂದು ಮರುಗಿ, ಮೂರು ದಿನ ಕೂತು ಪ್ರತಿ ಹೊಲಿಗೆಯನ್ನೂ ಮೂರೂ ಪದರ ದಾಟಿಸಿದಳು. ಎರಡು ಸಾವಿರದ ನಾನೂರ ಹನ್ನೆರಡು ಹೊಲಿಗೆ. ಹಿಂದೆ ಮುಂದೆ ಒಂದೇ ಸಮ!

ಶುಕ್ರವಾರ ಪರೀಕ್ಷಕರು ಬರುವವರಿದ್ದರು. ಸೋಮವಾರ ಬೆಳಿಗ್ಗೆ ಮಲ್ಲೇಶ್ವರಿ ಅಂಗಿಗೆ ಸುದ್ದಿ ಕಳಿಸುವ ಪುಟ್ಟ ಡಬ್ಬಿ ಸಿಕ್ಕಿಸಿದಳು. ಫೋನು ಗುಮ್ಮನೆ ಕೂತಿತ್ತು. ಅಂಗಿ ತಿರುವಿ ನೋಡಿದಳು, ಮುಖ ಸಪ್ಪಗಾಯಿತು.

"ಆಯೀ, ಹಿಂದೂ ಬೆಳ್ಳಿ ಐತಲ್ರಿ!"

"ಐತಿ ಮತ್ತ! ನೀ ಕೇಳದಿದ್ರೂ ಹಾಕೀನಿ."

"ಮ್ಯಾಲಿಂದು ಕೆಳಗಿಂದಕ್ಕ ಕೂಡಿದ್ರ ಇದು ಆಂಟೆನಾ ಅಲ್ರಿ, ಬರೇ ಅಂಗಿ! ಶುಕ್ರವಾರ ನಾ ಏನು ತೋರಸ್ಲಿ?"

ಎಣಿಸಿ ಹಾಕಿದ್ದನ್ನು ಶಂಕ್ರಮ್ಮ ಎಣಿಸಿಯೇ ಬಿಚ್ಚಿದಳು. ಆಮೇಲೆ ಕದ ಮುಂದಕ್ಕೆ ಮಾಡಿಕೊಂಡು, ಕಳ್ಳಿಯ ಹಾಗೆ, ಮೇಲುಮೇಲಿನ ಹೊಲಿಗೆ ಶುರುಮಾಡಿದಳು.

"ಒಳಗ ಏನು ನಡಸೀಯಕ್ಕಾ?" ಮಾಳವ್ವ ಹೊರಗಿನಿಂದ ಕೂಗಿದಳು.

"ಜ್ವರಾ ಬಂದೈತಿ, ಹೋಗ!"

ಗುರುವಾರ ಸಂಜೆ ಫೋನು ಕುಂಯ್ ಎಂದಿತು. ಸುದ್ದಿ ಮುಟ್ಟಿತ್ತು! ಮಲ್ಲೇಶ್ವರಿ ಕುಣಿದಾಡಿ ಪೆನ್ನು ತೆಗೆದಳು. "ಪೂರ್ತಿ ಹೆಸರು ಹೇಳ್ರಿ ಆಯೀ."

ಶಂಕ್ರಮ್ಮ ಅಂಗಿಯ ಹಿಂಬದಿ ನೋಡಿದಳು. ಬೋಳು! ಇದರ ಕೆಳಗೆ ತನ್ನ ಹೆಸರೇ? ಊರು ಏನಂದೀತು!

"ಮಾಳವ್ವ ಅಂತ ಬರಿ."

"ಹೊಲದಾಕಿ ನೀವಲ್ರಿ?"

"ಹೊಲಿಗಿ ಆಕೀದು! ನನ್ನ ಹೆಸರು ಬರದಿ ಅಂದ್ರ ಇಲ್ಲೇ ಬಿಚ್ಚತೀನಿ ನೋಡು!" ಶಂಕ್ರಮ್ಮ ಕತ್ತರಿ ಎತ್ತಿದಳು. ಮಲ್ಲೇಶ್ವರಿ ತೆಪ್ಪಗೆ ಬರೆದುಕೊಂಡಳು.

ಭಾನುವಾರ ಆಕೆ ಪಾಸಾದ ಪೇಢೆ ಹಿಡಿದು ಬಂದಳು. ಪರೀಕ್ಷಕರು ಕಾಲು ತಾಸು ಅಂಗಿಯ ಹಿಂಬದಿಯನ್ನೇ ಹೊಗಳಿದರಂತೆ: ಒಂದು ಎಳೆಯೂ ದಾಟಿಲ್ಲ, ಎಂಥ ಕೈ!

ಶಂಕ್ರಮ್ಮನ ಬಾಯಲ್ಲಿ ಪೇಢೆ ಕರಗಲೇ ಇಲ್ಲ.

"ನೀವು ಹೇಳಿದ ಹೆಸರೇ ಅಚ್ಚಾಗೇತ್ರಿ ಆಯೀ," ಎಂದಳು ಮಲ್ಲೇಶ್ವರಿ. "ಕಾಲೇಜಿನ್ಯಾಗ ಮಾಳವ್ವಾರಿಗೆ ಶಾಲು ಹೊಚ್ಚತಾರಂತ. ಆಕೀನ್ನ ನೀವ ಕರಕೊಂಡು ಬರ್ತೀರೇನ್ರಿ?"