ಜೌಗಜ್ಜಿಯನ್ನು ಸುಳ್ಳಿಯೆಂದು ಸಾರಿದವರಿಗೆ

ದೈತ್ಯ, ಭೂತ ಹಾಗೂ ಇತರ ಜೀವಿಗಳ ವಿಭಾಗದ ಪ್ರಧಾನ ಸಂಪಾದಕರ ಸನ್ನಿಧಾನಕ್ಕೆ,

ಮಾನ್ಯರೇ,

ಸುಪೀರಿಯರ್ ಸರೋವರದ ದಂಡೆಯ ಡುಲೂತ್‌ನಲ್ಲಿ ಹಿಮ ತೆಗೆಯುವ ಲಾರಿ ಓಡಿಸುವ ಆರ್ಡಿಸ್ ಕೊಸ್ಕಿ ಎಂಬ ನಾನು, ಟೊಪ್ಪಿಗೆ ಮತ್ತು ಕೈಗವಸು ಎರಡನ್ನೂ ತೆಗೆದು ತಮಗೆ ವಂದಿಸುತ್ತಿದ್ದೇನೆ. ಜನವರಿಯಲ್ಲಿ ನಮ್ಮೂರಿನವರು ಇದಕ್ಕಿಂತ ದೊಡ್ಡ ಗೌರವ ಯಾರಿಗೂ ಸಲ್ಲಿಸುವುದಿಲ್ಲ. ತಮ್ಮ ದೈತ್ಯರ ಪುಸ್ತಕದ ಹೊಸ ಆವೃತ್ತಿ ಕೈಸೇರಿದೆ. ರಟ್ಟು ಗಟ್ಟಿಯಾಗಿದೆ, ಚಿತ್ರಗಳು ಹೊಳೆಯುತ್ತವೆ, ಮತ್ತು ನಾವು ಇಷ್ಟು ವರ್ಷ ನಂಬಿಕೊಂಡು ಬಂದದ್ದೆಲ್ಲ ತಪ್ಪು ಎಂಬುದನ್ನು ತಾವು ಎಷ್ಟು ಮುದ್ದಾದ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ್ದೀರೆಂದರೆ, ನನಗೆ ಕೋಪ ಬರುವುದಕ್ಕೂ ಸ್ವಲ್ಪ ಹೊತ್ತು ಹಿಡಿಯಿತು.

ಶನಿವಾರ ಮಧ್ಯಾಹ್ನ ನಮ್ಮ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ನಾವು ಕೆಲವರು ಮೇಜಿನ ಸುತ್ತ ಕೂತು ತಮ್ಮ ಕಂಪನಿಯ ಕಥೆಯಾಟ ಆಡುತ್ತೇವೆ. ಒಬ್ಬೊಬ್ಬರದು ಒಂದೊಂದು ಪಾತ್ರ. ಕತ್ತಿ ತಾಗಿತೋ ತಪ್ಪಿತೋ ಎಂಬುದನ್ನು ದಾಳ ಹೇಳುತ್ತದೆ. ಕಥೆ ನಡೆಸುವುದು, ದೈತ್ಯರ ಬಾಯಲ್ಲಿ ಮಾತಾಡುವುದು ನನ್ನ ಪಾಲಿನ ಕೆಲಸ. ತಮ್ಮ ಹಳೆಯ ಪುಸ್ತಕಗಳ ಪ್ರಕಾರ ಜೌಗು ನೆಲದಲ್ಲಿ ವಾಸಿಸುವ ಜೌಗಜ್ಜಿ ಕುರೂಪಿ, ಕ್ರೂರಿ, ಮೂಳೆ ಕಡಿಯುವವಳು. ಆದರೆ ಸುಳ್ಳಾಡಲಾರಳು, ಕೊಟ್ಟ ಮಾತು ಮುರಿದರೆ ಅಲ್ಲೇ ಕೆಸರಾಗಿ ಕರಗಿಹೋಗುತ್ತಾಳೆ. ಹೊಸ ಪುಸ್ತಕದಲ್ಲಿ ತಾವು ಅವಳಿಗೆ ರೆಕ್ಕೆ ದಯಪಾಲಿಸಿದ್ದೀರಿ. ಆ ಬಗ್ಗೆ ನನ್ನ ತಕರಾರಿಲ್ಲ. ಆ ವಯಸ್ಸಿನ ಹೆಂಗಸಿನ ಮಂಡಿಗೆ ರೆಕ್ಕೆ ಅನುಕೂಲವೇ. ಆದರೆ ಅದೇ ಪುಟದಲ್ಲಿ, ಅವಳು ಹುಟ್ಟಿನಿಂದಲೇ ವಂಚಕಿ, ಅವಳ ಒಂದು ಮಾತೂ ನಿಜವಲ್ಲ ಎಂದೂ ಬರೆದಿದ್ದೀರಿ.

ಈ ಒಂದು ಸಾಲು ನಮ್ಮ ಮೇಜಿನ ಮೇಲೆ ಏನು ಮಾಡಿತೆಂಬುದನ್ನು ತಮ್ಮ ಅಮೂಲ್ಯ ಗಮನಕ್ಕೆ ತರುವುದು ನನ್ನ ಕರ್ತವ್ಯ. ವೆಂಡೆಲ್ ಟುವೋಮಿ ಮತ್ತು ಅವನ ಹೆಂಡತಿ ಐರೀನ್ ಮೊದಲಿನಿಂದಲೂ ನಮ್ಮ ಜೊತೆ ಆಡಿದವರು. ಆಟದಲ್ಲಿ ಅವನು ಭಾರೀ ಕವಚದ ಯೋಧ, ಅವಳು ಬಾಯಿಬಡುಕಿ ಕಳ್ಳಿ. ಐರೀನ್‌ಗೆ ಕ್ಯಾನ್ಸರ್ ಬಂತು. ಇನ್ನು ಮೆಟ್ಟಿಲಿಳಿದು ಬರಲಾಗುವುದಿಲ್ಲ ಎಂದಾದ ಮೇಲೆ ನಾವೇ ಅವಳ ಮಂಚದ ಪಕ್ಕಕ್ಕೆ ಮೇಜು ಒಯ್ದೆವು. ತನ್ನ ಕಳ್ಳಿಯನ್ನು ಕೊಲ್ಲಕೂಡದು, ಸುಮ್ಮನೆ ಊರು ಬಿಡಿಸಲೂ ಕೂಡದು ಎಂದು ಹಟ ಹಿಡಿದ ಅವಳು, ಆಟದಲ್ಲಿ ತಾನೇ ಜೌಗಜ್ಜಿಯ ಗುಡಿಸಲಿಗೆ ಹೋಗಿ ಒಪ್ಪಂದ ಮಾಡಿಕೊಂಡಳು: ವೆಂಡೆಲ್ ಬಂದು ಕೇಳುವವರೆಗೂ ಅಜ್ಜಿ ಆ ಕಳ್ಳಿಯ ಪ್ರಾಣವನ್ನು ಲಾಟೀನಿನಲ್ಲಿ ಉರಿಸಿಟ್ಟು ಕಾಯಬೇಕು. ಅಜ್ಜಿಯ ಬಾಯಲ್ಲಿ ಮಾತು ಕೊಟ್ಟವಳು ನಾನು. ಐರೀನ್ ತೀರಿಕೊಂಡಳು. ವೆಂಡೆಲ್ ಪ್ರತಿ ಶನಿವಾರ ಬಂದ, ಆಡಿದ, ಜೌಗಿನ ದಾರಿಯನ್ನು ಮಾತ್ರ ಹಿಡಿಯಲಿಲ್ಲ. ನಾವೂ ಕೇಳಲಿಲ್ಲ.

ತಮ್ಮ ಪುಸ್ತಕ ಬಂದ ಶನಿವಾರ ಅವನು ತಾನಾಗಿಯೇ, ಜೌಗಿನ ಕಡೆ ಹೋಗೋಣವೇ ಎಂದ. ಆಗ ನಮ್ಮಲ್ಲಿಗೆ ಇತ್ತೀಚೆಗೆ ಸೇರಿದ, ಐರೀನ್‌ಳನ್ನು ಕಂಡೇ ಇರದ ದಂತವೈದ್ಯ ಗ್ಯಾರೆತ್ ಲುಂಡ್ ಉತ್ಸಾಹದಿಂದ ಹೊಸ ಪುಟ ತೆರೆದು, "ಇಲ್ನೋಡಿ, ಇವಳು ಹುಟ್ಟಾ ಸುಳ್ಳಿ ಅಂತೆ. ಅಂದ್ಮೇಲೆ ಆ ಲಾಟೀನಲ್ಲಿ ಮೊದಲಿಂದ್ಲೂ ಏನೂ ಇರ್ಲಿಲ್ಲ ಬಿಡಿ" ಎಂದ. ವೆಂಡೆಲ್ ದಾಳಗಳನ್ನು ಚೀಲಕ್ಕೆ ಹಾಕಿ, ಕೋಟು ತೊಟ್ಟು, ಮೆಟ್ಟಿಲು ಹತ್ತಿ ಹೊರಟುಹೋದ. ನಮ್ಮಿಂದ ಐರೀನ್‌ಳ ವಿಷಯ ತಿಳಿದ ಗ್ಯಾರೆತ್ ಪುಸ್ತಕ ಮುಚ್ಚಿಟ್ಟ. ಅವನನ್ನು ನಾನು ಬೈಯಲಿಲ್ಲ. ಅಚ್ಚಾದದ್ದನ್ನು ಓದಿದ್ದಷ್ಟೇ ಅವನ ತಪ್ಪು.

ತಮ್ಮ ಕಚೇರಿಗೆ ಬರೆದೆ. ಹಳೆಯ ಆವೃತ್ತಿಗಳ ವಿವರವನ್ನು ಜೌಗಜ್ಜಿಯೇ ಒಬ್ಬ ಪಂಡಿತನಿಗೆ ಹೇಳಿದ್ದಳೆಂದೂ, ಅವಳು ಸುಳ್ಳಿಯಾದ್ದರಿಂದ ಅದೂ ಸುಳ್ಳೆಂದೂ, ಆದ್ದರಿಂದ ತಾವು ಏನನ್ನೂ ಬದಲಾಯಿಸಿಲ್ಲವೆಂದೂ ಉತ್ತರ ಬಂತು. ಇಂಥ ಮೇಧಾವಿಗಳು ದೈತ್ಯರನ್ನಷ್ಟೇ ತಿದ್ದುತ್ತ ಕೂತಿರುವುದು ದೇಶಕ್ಕೆ ನಷ್ಟ. ದಯಮಾಡಿ ನಮ್ಮ ಚಳಿಗಾಲದ ಹೊಸ ಆವೃತ್ತಿಯೊಂದನ್ನು ಹೊರತಂದು, ಇಲ್ಲಿ ಹಿಮ ಎಂದೂ ಬಿದ್ದೇ ಇರಲಿಲ್ಲವೆಂದು ಘೋಷಿಸಿರಿ. ನನ್ನ ಬೆನ್ನು ನೋವೂ ಹಳೆಯ ಪಂಡಿತನೊಬ್ಬನ ತಪ್ಪು ತಿಳಿವಳಿಕೆಯೆಂದು ಅಡಿಟಿಪ್ಪಣಿ ಹಾಕಿರಿ. ಬಿಡುವಾದಾಗ ವೆಂಡೆಲ್‌ನ ಮನೆಗೂ ದಯಮಾಡಿಸಿ, ಅವನ ಹೆಂಡತಿ ಯಾವ ಪುಟದವರೆಗೆ ನಿಜವಾಗಿದ್ದಳೆಂದು ತಿಳಿಸಿರಿ.

ತಾವು ಬರಲಿಲ್ಲವಾಗಿ ನಾನೇ ಹೋದೆ. ಅವನು ಗ್ಯಾರೇಜಿನಲ್ಲಿ ಯಾರದೋ ಹಿಮ ಎಸೆಯುವ ಯಂತ್ರ ಬಿಚ್ಚಿಕೊಂಡು ಕೂತಿದ್ದ. ಹಳೆಯ ಪುಸ್ತಕದಂತೆಯೇ ಆಡೋಣ, ಹೊಸದನ್ನು ಒಲೆಗೆ ಹಾಕುತ್ತೇನೆ ಎಂದು ಏನೇನೋ ಹೇಳಿದೆ. ಅವನು ಕೈಯ ಎಣ್ಣೆ ಒರೆಸಿಕೊಳ್ಳುತ್ತ, "ಪುಸ್ತಕದ್ದು ಬಿಡು ಆರ್ಡಿಸ್. ಐರೀನ್‌ಗೆ ಮಾತು ಕೊಟ್ಟಿದ್ದು ಪುಸ್ತಕ ಅಲ್ಲ, ನೀನು. ನೀನು ಸುಳ್ಳು ಹೇಳಿದ್ಯಾ?" ಎಂದು ಕೇಳಿದ. ಇಲ್ಲ ಎಂದೆ. ಹಾಗಾದರೆ ಶನಿವಾರ ಬರುತ್ತೇನೆ ಎಂದ.

ಬಂದ. ಜೌಗು ದಾಟುವಾಗ ಮುಂದೆ ನಡೆದು ಮೊಸಳೆಗಳ ಪೆಟ್ಟನ್ನೆಲ್ಲ ತನ್ನ ಮೈಮೇಲೆ ಹಾಕಿಕೊಂಡದ್ದು ಗ್ಯಾರೆತ್‌ನ ಪಾತ್ರ, ಬೇಡವೆಂದರೂ ಕೇಳಲಿಲ್ಲ. ಗುಡಿಸಲಿನ ಬಾಗಿಲಲ್ಲಿ ನಾನು ಅಜ್ಜಿಯ ಒಡಕು ದನಿಯಲ್ಲಿ, "ತಗೊಂಡ್ಹೋಗಪ್ಪ. ಒಂದು ಗಳಿಗೆನೂ ಆರೋಕೆ ಬಿಟ್ಟಿಲ್ಲ" ಎಂದೆ. ನನ್ನ ದನಿ ಅಜ್ಜಿಯದಕ್ಕಿಂತ ಹೆಚ್ಚೇ ಒಡೆದಿತ್ತು. ವೆಂಡೆಲ್ ಖಾಲಿ ಕೈಗಳನ್ನು ಮೇಜಿನ ಮೇಲೆ ಚಾಚಿ, ಏನೋ ಭಾರವಾದದ್ದನ್ನು ಹಿಡಿದವನಂತೆ ಎದೆಗೆ ತಂದುಕೊಂಡ. ಆಮೇಲೆ, "ಐರೀನ್ ಇದಕ್ಕೂ, ಎಣ್ಣೆ ಕಮ್ಮಿ ಹಾಕಿದೀಯಾ ಮುದುಕಿ ಅಂತ ಜಗಳ ತೆಗೀತಿದ್ಲು" ಎಂದು ನಕ್ಕ. ನಾವೂ ನಕ್ಕೆವು, ಕಣ್ಣೊರೆಸಿಕೊಂಡೆವು, ಚರ್ಚಿನ ಹೆಂಗಸರು ಮಾಡಿಟ್ಟಿದ್ದ ಆಲೂಗಡ್ಡೆ ಹಾಟ್‌ಡಿಶ್ ತಿಂದು ಮನೆಗೆ ಹೋದೆವು.

ಆದ್ದರಿಂದ, ಮಾನ್ಯರೇ, ತಮ್ಮ ಸಂಶೋಧನೆ ಡುಲೂತ್‌ನ ಜೌಗಿಗೆ ಅನ್ವಯಿಸುವುದಿಲ್ಲವೆಂದು ವಿನಯಪೂರ್ವಕವಾಗಿ ತಿಳಿಸುತ್ತ, ರೆಕ್ಕೆಗಳನ್ನು ಮಾತ್ರ ಅಜ್ಜಿಯ ಪರವಾಗಿ ಕೃತಜ್ಞತೆಯಿಂದ ಇಟ್ಟುಕೊಂಡು,

ಈ ಆವೃತ್ತಿಯ ಮಟ್ಟಿಗೆ ತಮ್ಮ ವಿಶ್ವಾಸಿ,
ಆರ್ಡಿಸ್ ಕೊಸ್ಕಿ

ಮರೆತ ಮಾತು: ತಮ್ಮ ಉತ್ತರದ ಕೆಳಗೆ ಹಸಿರು ಅಕ್ಷರಗಳಲ್ಲಿ, ‘ಆಟಗಾರರಿಗೆ ಕೊಟ್ಟ ಮಾತನ್ನು ನಾವೆಂದೂ ಮುರಿಯುವುದಿಲ್ಲ’ ಎಂದು ಅಚ್ಚಾಗಿದೆ. ಇದು ಎಷ್ಟನೆಯ ಆವೃತ್ತಿಯ ವಾಕ್ಯವೆಂದು ದಯವಿಟ್ಟು ತಿಳಿಸಿರಿ.